ಬೆಕ್ಕಿನ ನೆತ್ತಿಗೆ ಹರಳೆಣ್ಣೆ

ಬೇಸಿಗೆಯಲ್ಲಿ ಬೆಕ್ಕನ್ನು ತಂಪಾಗಿ ಇಡುವುದು ಹೇಗೆ ಎಂದು ಯಾರಿಗಾದರೂ ತಿಳಿಯಬೇಕಿದ್ದರೆ ಅವರು ಹಾರನಹಳ್ಳಿಗೆ ಬಂದು ನನ್ನನ್ನು ಕೇಳಬಹುದು. ಈ ವಿಷಯದಲ್ಲಿ ನನ್ನಷ್ಟು ಪ್ರಯತ್ನ ಪಟ್ಟವರು ಅರಸೀಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ನಾನು ಓದಿರುವುದು ಏಳನೇ ತರಗತಿ. ಬೆಕ್ಕು ಅಷ್ಟೂ ಓದಿಲ್ಲ. ಆದ್ದರಿಂದ ಅದಕ್ಕೆ ತಿಳಿಯದ್ದು ನನಗೆ ತಿಳಿದಿರುತ್ತದೆ ಎಂಬ ಧೈರ್ಯದಿಂದಲೇ ಈ ಕೆಲಸಕ್ಕೆ ಕೈಹಾಕಿದೆ.

ಬೆಕ್ಕು ನನ್ನದಲ್ಲ, ನನ್ನ ಅಕ್ಕ ಗಿರಿಜಕ್ಕನದು. ಅಕ್ಕ ಇರುವುದು ಬೇಲೂರಿನ ಆಚೆ, ಅರೇಹಳ್ಳಿಯಲ್ಲಿ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ನಮ್ಮ ಭಾವ ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ, ಒಂದು ಸಂಜೆ ಪುಟ್ಟ ಮರಿಯೊಂದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದು ಅವಳ ಹೊಲಿಗೆ ಮಿಷನ್ನಿನ ಮೇಲೆ ಬಿಟ್ಟರಂತೆ. ಮೈಯೆಲ್ಲಾ ಅಚ್ಚ ಬಿಳುಪು. ಮಲ್ಲಿ ಎಂದು ಹೆಸರಿಟ್ಟರು. ಭಾವ ಹೋದ ಮೇಲೆ ಆ ಮನೆಯಲ್ಲಿ ಅಕ್ಕ ಏನಾದರೂ ಅಂದರೆ ತಿರುಗಿ ದನಿ ಕೊಡುವ ಜೀವ ಅದೊಂದೇ.

ಈ ಸಲ ಯುಗಾದಿ ಕಳೆದ ಮೇಲೆ ಮೈಸೂರಿನಲ್ಲಿರುವ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಅಕ್ಕ ಅಲ್ಲಿಗೇ ಹೋಗಬೇಕಾಯಿತು. ಎಳೆಮಗು ಇರುವ ಮನೆಗೆ ಬೆಕ್ಕನ್ನು ಒಯ್ಯುವ ಹಾಗಿಲ್ಲ. ಹಾಗಾಗಿ ಮಲ್ಲಿಯನ್ನು ಒಂದು ಬುಟ್ಟಿಯಲ್ಲಿಟ್ಟು, ಮೇಲೆ ಹಳೇ ಸೀರೆ ಕಟ್ಟಿ, ಬೇಲೂರು, ಹಳೇಬೀಡು, ಅರಸೀಕೆರೆ ಎಂದು ಬಸ್ಸಿನ ಮೇಲೆ ಬಸ್ಸು ಹತ್ತಿ ನಮ್ಮ ಮನೆಗೆ ತಂದಳು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು.

"ನೋಡು ನಂಜುಂಡ, ಇದಕ್ಕೆ ನೀನು ಏನೂ ಮಾಡ್ಬೇಡ. ನೀರಿಡು, ಅನ್ನ ಹಾಕು. ಮಿಕ್ಕಿದ್ದೆಲ್ಲಾ ಅದೇ ನೋಡ್ಕಂತೈತೆ."

ಏನೂ ಮಾಡದೆ ಸುಮ್ಮನಿರುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಅಕ್ಕ ನನ್ನನ್ನು ನಂಬಿ ಒಂದು ಜೀವ ಒಪ್ಪಿಸಿ ಹೋಗಿದ್ದಾಳೆ. ಅದು ತಣ್ಣನೆಯ ಸೀಮೆಯ ಬೆಕ್ಕು. ನಮ್ಮದು ಹಂಚು ಕಾದು ಅಟ್ಟದ ಮೇಲಿನ ಕೊಬ್ಬರಿಯೇ ಬೆವರುವಂಥ ಊರು. ಬೆಕ್ಕಿಗೆ ಏನಾದರೂ ಆದರೆ ಅಕ್ಕನ ಮುಖ ನೋಡುವುದು ಹೇಗೆ? ಅಂದಿನಿಂದ ಮಲ್ಲಿಯ ಮೈ ತಾಪ ಇಳಿಸುವ ಕಾರ್ಯಕ್ರಮವನ್ನು ನಾನೇ ವಹಿಸಿಕೊಂಡೆ.

ಮೊದಲನೇ ಮಧ್ಯಾಹ್ನವೇ ಎದೆ ಧಸಕ್ಕೆಂದಿತು. ನಡುಮನೆಯ ಸಿಮೆಂಟು ನೆಲದ ಮೇಲೆ ಮಲ್ಲಿ ಉದ್ದಕ್ಕೆ ಬಿದ್ದಿತ್ತು. ಮುಂಗಾಲು ದೇವರಮನೆಯ ಕಡೆ, ಹಿಂಗಾಲು ಅಡುಗೆಮನೆಯ ಕಡೆ, ಹೊಟ್ಟೆ ನೆಲಕ್ಕೆ ಅಂಟಿದೆ. ಬಿಸಿಲು ಬಡಿದಿದೆ ಎಂದು ನಾನು ಹೆಂಡತಿ ಸವಿತಾಳನ್ನು ಕೂಗಿದೆ.

ಅವಳು ಬಂದು ನೋಡಿ, "ಮಲಗೈತೆ ಕಣ್ರೀ," ಅಂದಳು.

"ಹಿಂಗಾ ಮಲಗೋದು? ಹಿಸುಕಿದ್ ಟೂತ್‌ಪೇಸ್ಟ್ ಹಂಗೆ?"

"ನೆಲ ತಣ್ಣಗೈತೆ. ಮೈಯೆಲ್ಲಾ ತಾಗಿಸ್ಕಂಡ್ರೆ ಅದಕ್ಕೂ ತಣ್ಣಗಾಗ್ತದೆ. ಅನುಮಾನ ಇದ್ರೆ ನೀವೂ ಪಕ್ಕದಲ್ಲಿ ಒಂದ್ಸಲ ಬಿದ್ಕಂಡು ನೋಡಿ."

ಮನೆಯ ಯಜಮಾನನಿಗೆ ಹೇಳುವ ಮಾತೇ ಇದು? ನಾನು ಬಿದ್ದುಕೊಳ್ಳಲಿಲ್ಲ. ಬಿದ್ದುಕೊಂಡಿದ್ದರೆ ಈ ಬರಹವನ್ನು ಇಲ್ಲಿಗೇ ಮುಗಿಸಬಹುದಾಗಿತ್ತು.

ಈಗ ಯೋಚಿಸಿದರೆ ಮಲ್ಲಿಗೆ ಎಲ್ಲವೂ ತಿಳಿದಿತ್ತು. ಬೆಳಗ್ಗೆ ಜಗಲಿಯ ನೆರಳು, ಬಿಸಿಲು ಜಗಲಿಗೆ ಬಂದಾಗ ನೀರಿನ ತೊಟ್ಟಿಯ ಪಕ್ಕ, ಸೂರ್ಯ ನೆತ್ತಿಗೆ ಬಂದಾಗ ಬಚ್ಚಲ ಹಿಂದಿನ ಒಗೆಯುವ ಕಲ್ಲು. ನಡುನಡುವೆ ಕೂತು ಮೈಯೆಲ್ಲಾ ನೆಕ್ಕಿಕೊಳ್ಳುವುದು. ಒದ್ದೆಯಾದ ಕೂದಲಿಗೆ ಗಾಳಿ ತಾಗಿದರೆ ಸಾಕು, ಮೈ ತಂಪಾಗುತ್ತದೆ. ಓಡಾಟವೆಲ್ಲ ಬೆಳಗಿನ ಜಾವ ಮತ್ತು ಮುಸ್ಸಂಜೆಗೆ. ಮಧ್ಯಾಹ್ನ ಒಂದು ನೊಣ ಬಂದು ಮೂಗಿನ ಮೇಲೆ ಕೂತರೂ ಅದು ಅಲುಗುತ್ತಿರಲಿಲ್ಲ. ಆದರೆ ಆಗ ನನಗೆ ಕಂಡದ್ದೇ ಬೇರೆ. ಬೆಕ್ಕು ಒಂದು ಕಡೆ ನಿಲ್ಲುತ್ತಿಲ್ಲ, ಅಂದರೆ ಸಂಕಟ. ಮೈ ನೆಕ್ಕಿಕೊಳ್ಳುತ್ತಿದೆ, ಅಂದರೆ ಉರಿ. ಅಲುಗುತ್ತಿಲ್ಲ, ಅಂದರೆ ಕೊನೆಗಾಲ!

ಚಿಕಿತ್ಸೆ ಶುರು ಮಾಡಿದೆ. ಮೊದಲು ಟವೆಲ್ಲನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮಲಗಿದ್ದ ಮಲ್ಲಿಯ ಮೇಲೆ ಮೆಲ್ಲಗೆ ಹೊದಿಸಿದೆ. ಅದು ಟವೆಲ್ ಸಮೇತ ಎದ್ದು, ಟವೆಲ್ ಸಮೇತ ಏಣಿ ಹತ್ತಿ, ಅಟ್ಟ ಸೇರಿತು. ಅಲ್ಲಿ ಕಾದ ಹಂಚಿನ ಕೆಳಗೆ ಕೊಬ್ಬರಿಯಾಗಲೆಂದು ನಾವು ತಿಂಗಳುಗಟ್ಟಲೆ ಕಾಯಿ ರಾಶಿ ಹಾಕಿರುತ್ತೇವೆ. ಮನೆಯಲ್ಲೇ ಅತ್ಯಂತ ಬಿಸಿಯಾದ ಜಾಗ ಅದು. ಬೆಕ್ಕನ್ನು ತಂಪು ಮಾಡಲು ಹೊರಟು ಅದನ್ನು ಒಲೆಯೊಳಗೆ ಕಳಿಸಿದ ಹಾಗಾಯಿತು.

ಮರುದಿನ ಟೇಬಲ್ ಫ್ಯಾನ್ ತಂದು ಅದರ ಮುಖಕ್ಕೆ ಹಿಡಿದೆ. ಮೀಸೆ ಹಿಂದಕ್ಕೆ ಹೋಯಿತು, ಕಣ್ಣು ಮುಚ್ಚಿಕೊಂಡಿತು. ಸುಖಪಡುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಎದ್ದು ನಡೆಯಿತು. ನಾನು ಫ್ಯಾನು ಎತ್ತಿಕೊಂಡು ಹಿಂಬಾಲಿಸಿದೆ. ಅಡುಗೆಮನೆ ಬಾಗಿಲಿಗೆ ವೈರು ಮುಗಿಯಿತು. ಮಲ್ಲಿ ಹೊಸ್ತಿಲ ಆಚೆ, ಗಾಳಿ ತಾಗದಷ್ಟೇ ದೂರದಲ್ಲಿ ಕೂತು, ಫ್ಯಾನು ಹೊತ್ತು ನಿಂತ ನನ್ನನ್ನು ನೋಡಿತು. ಅಕ್ಕನೂ ಎಷ್ಟೋ ಸಲ ನನ್ನನ್ನು ಹಾಗೇ ನೋಡಿದ್ದಾಳೆ.

ಆಗ ನನಗೆ ಹೊಳೆದದ್ದು ಹರಳೆಣ್ಣೆ.

ನಮ್ಮ ಕಡೆ ಮೈಯುಷ್ಣ ಎಂದರೆ ಹರಳೆಣ್ಣೆ, ಅಷ್ಟೇ. ಕಣ್ಣು ಉರಿದರೆ ನೆತ್ತಿಗೆ ಹರಳೆಣ್ಣೆ, ನಿದ್ದೆ ಬಾರದಿದ್ದರೆ ಅಂಗಾಲಿಗೆ ಹರಳೆಣ್ಣೆ. ನಮ್ಮವ್ವ ಚಿಕ್ಕಂದಿನಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ, ಎಣ್ಣೆ ಕಿವಿಯೊಳಗೆ ಇಳಿಯುವ ತನಕ ನೆತ್ತಿ ತಟ್ಟುತ್ತಿದ್ದಳು. ಮನುಷ್ಯನಿಗೆ ಆಗುವುದು ಬೆಕ್ಕಿಗೇಕೆ ಆಗಬಾರದು? ಬೆಕ್ಕಿಗೂ ನೆತ್ತಿ ಇದೆ. ಅಂಗಾಲಂತೂ ನಾಲ್ಕಿವೆ!

ಸವಿತಾ ಸಂಘದ ಮೀಟಿಂಗಿಗೆ ಹೋಗಿದ್ದ ಸಮಯ ನೋಡಿ, ಮಲ್ಲಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಬಾಟಲಿ ಮುಚ್ಚಳ ತೆಗೆದೆ. ನೆತ್ತಿಯ ಕೆಲಸ ಸುಸೂತ್ರವಾಗಿ ನಡೆಯಿತು. ಮೊದಲನೇ ಅಂಗಾಲಿಗೆ ಬರುತ್ತಿದ್ದಂತೆ ರೋಗಿ ವೈದ್ಯನ ಮೇಲೆ ಹಲ್ಲೆ ಮಾಡಿತು. ಬಾಟಲಿ ಮಗುಚಿತು. ಅರ್ಧ ಎಣ್ಣೆ ನನ್ನ ಮೇಲೆ, ಅರ್ಧ ಬೆಕ್ಕಿನ ಮೇಲೆ. ಹಿಡಿಯಲು ಹೋದರೆ ಕೈಯಿಂದ ಸೋಪಿನ ಹಾಗೆ ಜಾರಿ ಅದು ಕಿಟಕಿ ಹಾರಿತು. ನನ್ನ ಕೈಮೇಲೆ ಗೀರು, ನೆಲದ ಮೇಲೆ ಎಣ್ಣೆ. ಆದರೂ ನನಗೆ ಸಮಾಧಾನವೇ. ಔಷಧಿ ಕಡಿಮೆಯಂತೂ ಬಿದ್ದಿರಲಿಲ್ಲ.

ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ ಎಂಬುದು ನನಗೆ ಗೊತ್ತಿತ್ತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಸೇರಿಸಿ ಯೋಚಿಸಿರಲಿಲ್ಲ. ಜಗಲಿಯ ಮೇಲೆ ಇಸ್ತ್ರಿ ಮಾಡಿ ಇಟ್ಟಿದ್ದ ನನ್ನ ಒಂದು ಅಂಗಿ ಸಂಜೆಯ ಹೊತ್ತಿಗೆ ಆ ಕೊರತೆಯನ್ನು ತುಂಬಿಕೊಟ್ಟಿತು.

ಅಲ್ಲಿಂದಾಚೆಗೆ ಮಲ್ಲಿ ಕಾಣಲಿಲ್ಲ.

ಕೇರಿಯೆಲ್ಲ ಹುಡುಕಿದೆ. ದೇವಸ್ಥಾನದ ಸುತ್ತ ಹುಡುಕಿದೆ. ತೋಟದಲ್ಲಿ ಒಂದೊಂದು ತೆಂಗಿನಮರದ ಬುಡದಲ್ಲೂ ನಿಂತು ಮಲ್ಲಿ, ಮಲ್ಲಿ ಎಂದು ಕರೆದೆ. ಪಕ್ಕದ ತೋಟದ ಗೌಡರು ನನ್ನ ಹೆಂಡತಿಗೆ ಫೋನು ಮಾಡಿ, ನಿಮ್ಮ ಯಜಮಾನರು ಮರಗಳ ಹತ್ತಿರ ಯಾರೋ ಹೆಂಗಸಿನ ಹೆಸರು ಹಿಡಿದು ಮಾತಾಡುತ್ತಿದ್ದಾರೆ ಎಂದು ತಿಳಿಸಿದರು. ಊಟಕ್ಕೆ ಕೂತರೆ, ಅಕ್ಕ ಅರೇಹಳ್ಳಿಯ ಮನೆಗೆ ಒಬ್ಬಳೇ ಬೀಗ ತೆಗೆದು ಒಳಗೆ ಹೋಗುವುದು ಕಣ್ಣ ಮುಂದೆ ಬರುತ್ತಿತ್ತು.

ಇದು ಸಾಲದು ಎಂಬಂತೆ ಅದೇ ದಿನಗಳಲ್ಲಿ ನಮ್ಮ ಮನೆಗೆ ಒಂದು ಕಳ್ಳಬೆಕ್ಕು ಗಂಟುಬಿತ್ತು. ಕಂದು ಬಣ್ಣ. ಕೂದಲೆಲ್ಲ ಜಡೆಗಟ್ಟಿ ಮುಳ್ಳಿನ ಹಾಗೆ ನಿಂತಿದೆ. ಸಿಪ್ಪೆ ಸುಲಿಯದ ತೆಂಗಿನಕಾಯಿಗೆ ನಾಲ್ಕು ಕಾಲು ಬಂದರೆ ಹೇಗಿರುತ್ತದೋ ಹಾಗೆ. ಎಲ್ಲಿಂದಲೋ ಬಂದು ಅಡುಗೆಮನೆ ಹೊಸ್ತಿಲಲ್ಲಿ ಕೂತು ಕೂಗುತ್ತಿತ್ತು. ನನ್ನನ್ನು ಕಂಡರೆ ಓಟ.

ಅದು ಯಾವ ಬೆಕ್ಕೆಂದು ನಿಮಗೆ ಈಗಾಗಲೇ ತಿಳಿದಿರಬಹುದು. ನನಗೆ ತಿಳಿಯಲಿಲ್ಲ.

ನಮ್ಮ ಹಿತ್ತಲಲ್ಲಿ ನಾರಿನ ಪುಡಿಯ ಒಂದು ಗುಡ್ಡೆ ಇದೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ಬೇಸಿಗೆಯಲ್ಲಿ ಮರದ ಬುಡಕ್ಕೆ ಹಾಕಲು ಟ್ರ್ಯಾಕ್ಟರಿನಲ್ಲಿ ತರಿಸಿ, ನೀರು ಹೊಡೆದು ಇಟ್ಟಿರುತ್ತೇವೆ. ಮೇಲೆ ಎಷ್ಟೇ ಬಿಸಿಲಿರಲಿ, ಕೈ ತೂರಿಸಿದರೆ ಒಳಗೆ ತಣ್ಣಗಿರುತ್ತದೆ. ಅದರ ಕಂದು ನೀರು ಬಟ್ಟೆಗೆ ತಾಗಿದರೆ ಕರೆ ಹೋಗುವುದಿಲ್ಲ ಎಂಬುದು ನಮ್ಮ ಕಡೆ ತೋಟ ಇರುವ ಪ್ರತಿಯೊಬ್ಬನಿಗೂ ಗೊತ್ತು. ಎಣ್ಣೆ ಮೆತ್ತಿದ ಬಿಳಿ ಬೆಕ್ಕಿಗೆ ತಾಗಿದರೆ ಏನಾಗುತ್ತದೆ ಎಂದು ಯೋಚಿಸಬೇಕಾದ ಸಂದರ್ಭ ಮಾತ್ರ ಯಾರಿಗೂ ಬಂದಿರಲಿಲ್ಲ. ಮೈಯೆಲ್ಲಾ ಎಣ್ಣೆಯಾಗಿ, ನೆಕ್ಕಿದರೆ ಹೊಟ್ಟೆ ಕೆಡುತ್ತದೆಂದು ತಿಳಿದ ಮಲ್ಲಿ, ಆ ಗುಡ್ಡೆಯಲ್ಲಿ ಗುಳಿ ತೋಡಿಕೊಂಡು ಹಗಲೆಲ್ಲ ಅಲ್ಲೇ ತಂಪಾಗಿ ಮಲಗುತ್ತಿತ್ತು. ನಾನು ಹಿತ್ತಲಲ್ಲಿ ನಿಂತು ಆಕಾಶಕ್ಕೆ ಕೇಳುವಂತೆ ಅದರ ಹೆಸರು ಕೂಗುತ್ತಿದ್ದೆ.

ಸಾಲದ್ದಕ್ಕೆ ನಾನು ಆ ಕಳ್ಳಬೆಕ್ಕಿನ ಮೇಲೆ ಯುದ್ಧ ಸಾರಿದೆ. ಮಲ್ಲಿ ಹೆದರಿ ಓಡಿಹೋಗಿರುವುದೇ ಇದರಿಂದ ಎಂದು ತೀರ್ಮಾನಿಸಿದ್ದೆ. ಪೊರಕೆ ಹಿಡಿದು ದಿನಾ ಬೇಲಿಯ ತನಕ ಓಡಿಸಿ, ಎದೆಯುಬ್ಬಿಸಿ ಹಿಂದಿರುಗುತ್ತಿದ್ದೆ. ಸವಿತಾಳಿಗೆ ಮಾತ್ರ ಅದರ ಮೇಲೆ ಕರುಣೆ. ಪಾಪ, ಬಿಸಿಲಲ್ಲಿ ಎಲ್ಲಿಂದ ಬಂದಿದೆಯೋ ಎಂದು ಕರಟದಲ್ಲಿ ಹಾಲನ್ನ ಕಲಸಿ ನನಗೆ ಕಾಣದಂತೆ ಹಿತ್ತಲಲ್ಲಿ ಇಡುತ್ತಿದ್ದಳು. ನಾನು ಮುಂಬಾಗಿಲಿನಿಂದ ಓಡಿಸುವುದು, ಅವಳು ಹಿಂಬಾಗಿಲಿನಲ್ಲಿ ಉಣಿಸುವುದು. ಮಲ್ಲಿಗೆ ಹಸಿವೂ ಆಯಿತು, ಊಟವೂ ಆಯಿತು.

ಇತ್ತ ಅಕ್ಕ ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಮೊದಲು ಮೊಮ್ಮಗಳನ್ನು ತೋರಿಸುವಳು, ಆಮೇಲೆ ಮಲ್ಲಿಯನ್ನು ತೋರಿಸು ಅನ್ನುವಳು. ಒಂದು ದಿನ ಅಟ್ಟದ ಮೇಲಿದೆ ಅಂದೆ. ಇನ್ನೊಂದು ದಿನ ತೋಟಕ್ಕೆ ಹೋಗಿದೆ ಅಂದೆ. ಮೂರನೆಯ ದಿನ ಅಕ್ಕನ ದನಿ ಸಣ್ಣಗಾಯಿತು. ನನ್ನಿಂದ ತಡೆಯಲಾಗಲಿಲ್ಲ. ಮಾರನೇ ದಿನ ಬಿಳಿ ಪಂಚೆಯೊಂದನ್ನು ಬೆಕ್ಕಿನ ಆಕಾರಕ್ಕೆ ಸುತ್ತಿ, ಕಿವಿಯ ಜಾಗದಲ್ಲಿ ಎರಡು ಕಡೆ ಚಿವುಟಿ ಎತ್ತಿ, ನಡುಮನೆಯ ಮೂಲೆಯ ಕತ್ತಲಲ್ಲಿ ಇಟ್ಟು, ದೂರದಿಂದ ಫೋನು ಹಿಡಿದು ತೋರಿಸಿದೆ.

ಅಕ್ಕ ಸ್ವಲ್ಪ ಹೊತ್ತು ನೋಡಿದಳು.

"ಅಲುಗ್ತಾನೇ ಇಲ್ವಲ್ಲೋ."

"ತಂಪಾಗಿ ಮಲಗೈತೆ ಅಕ್ಕ."

"ಸರಿ ಬಿಡು. ಎಬ್ಬಿಸ್ಬೇಡ," ಅಂದಳು.

ಗೆದ್ದೆ! ಆಮೇಲೆ ದಿನಾ ಸಂಜೆ ಪಂಚೆ ಸುತ್ತುವುದೇ ಒಂದು ಕಾಯಕವಾಯಿತು. ಕೈ ಪಳಗಿ, ಒಮ್ಮೊಮ್ಮೆ ಬಾಲವನ್ನೂ ಬಿಡುತ್ತಿದ್ದೆ. ಮಾತು ಮುಗಿದ ಮೇಲೆ ಪಂಚೆಯನ್ನು ಬಿಚ್ಚಿ ಕೊಡವಿ ಮಡಿಸಿಡುತ್ತಿದ್ದೆ. ಸವಿತಾ ನನ್ನ ಕಡೆ ನೋಡಿ ಒಳಗೆ ಹೋಗುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ಹಿಂದಿರುಗುವ ದಿನ ಹತ್ತಿರ ಬಂತು. ಪಂಚೆಯನ್ನು ಬುಟ್ಟಿಯಲ್ಲಿಟ್ಟು ಕಳಿಸಲಾಗುವುದಿಲ್ಲ. ಹಳೇಬೀಡಿನ ಪಕ್ಕ ಬಸ್ತಿಹಳ್ಳಿಯಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಬಿಳಿ ಬೆಕ್ಕಿದೆ ಎಂದು ಯಾರೋ ಹೇಳಿದರು. ಖಾಲಿ ಗೋಣಿಚೀಲ ಹಿಡಿದು ಹೋದೆ. ಅಜ್ಜಿ ಏನೂ ಕೇಳಲಿಲ್ಲ. ತಾನೇ ಹಿಡಿದು ಚೀಲಕ್ಕೆ ಹಾಕಿ, ತಾನೇ ಬಾಯಿ ಕಟ್ಟಿ, ನಾನು ಜಗಲಿ ಇಳಿಯುವ ಮೊದಲೇ ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದುಕೊಂಡಳು. ಎಂಥಾ ಉದಾರ ಮನಸ್ಸು ಎಂದುಕೊಂಡೆ. ಆ ಉದಾರತೆಯ ಕಾರಣ ಬಸ್ಸಿನಲ್ಲಿ ತಿಳಿಯಿತು. ಹಳೇಬೀಡು ಬಿಟ್ಟಿದ್ದೇ ತಡ, ಚೀಲ ಊಳಿಡಲು ಶುರು ಮಾಡಿತು.

ಕಂಡಕ್ಟರು ಬಂದು ನಿಂತರು. "ಚೀಲದಾಗೆ ಏನೈತೆ ಯಜಮಾನ್ರೇ?"

"ಕಾಯಿ."

"ಬಲ್ತಿರೋ ಕಾಯಿ ಅನ್ನಿ. ಮಾತು ಬಂದೈತೆ."

ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಅರಸೀಕೆರೆ ಬರುವವರೆಗೂ ಜನ ಸರದಿಯ ಮೇಲೆ ಮಿಯಾಂವ್ ಎಂದು ನನ್ನ ಚೀಲಕ್ಕೆ ಉತ್ತರ ಕೊಡುತ್ತಾ ಬಂದರು. ಮನೆಗೆ ತಂದು ಬಿಚ್ಚಿದರೆ ಹೊರಬಂದದ್ದು ಕುಸ್ತಿಪಟುವಿನಂಥ ಬೆಕ್ಕು. ಮಲ್ಲಿಗಿಂತ ಎರಡರಷ್ಟು ದಪ್ಪ, ಒಂದು ಕಿವಿಯ ತುದಿಯಿಲ್ಲ. ಆದರೆ ಬಿಳಿ. ಬಿಳಿ ಎಂದರೆ ಬಿಳಿ! ಉಳಿದದ್ದನ್ನು ನಮ್ಮೂರ ನೀರು, ಗಾಳಿಯ ಮೇಲೆ ಹಾಕಿದರಾಯಿತು ಎಂದುಕೊಂಡೆ.

ಅಕ್ಕ ಬಂದಳು. ಜಗಲಿಯ ಮೇಲೆ ಕೂತಳು. ಸವಿತಾ ಕೊಟ್ಟ ನೀರು ಕುಡಿದಳು. ಮೊಮ್ಮಗಳ ವಿಷಯ ಹೇಳಿದಳು, ಮೈಸೂರಿನ ಸೊಳ್ಳೆಯ ವಿಷಯ ಹೇಳಿದಳು. ಬೆಕ್ಕಿನ ಸುದ್ದಿ ಮಾತ್ರ ಎತ್ತಲಿಲ್ಲ. ದಾರಿಯ ಆಯಾಸಕ್ಕೆ ಮರೆತಿರಬೇಕು ಎಂದು ನಾನೇ ಒಳಗೆ ಹೋಗಿ, ಕುಸ್ತಿಪಟುವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವಳ ಮುಂದೆ ಹಿಡಿದೆ.

"ಮಲ್ಲಿ ಅಕ್ಕ. ಸ್ವಲ್ಪ ದಪ್ಪ ಆಗೈತೆ."

ಅಕ್ಕ ಬೆಕ್ಕನ್ನು ನೋಡಿದಳು. ಅದರ ಕಿವಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇದು ಗಂಡು ಕಣೋ."

ಹವಾಗುಣದ ಮೇಲೆ ಹಾಕಲಾಗದ ವಿಷಯವೂ ಒಂದಿದೆ ಎಂದು ನನಗೆ ಆಗ ತಿಳಿಯಿತು. ಬೆಕ್ಕನ್ನು ಕೆಳಗೆ ಬಿಟ್ಟು ತಲೆ ತಗ್ಗಿಸಿ ನಿಂತೆ. ಅಕ್ಕ ಬೈಯಲಿಲ್ಲ. ಪಕ್ಕದಲ್ಲಿ ಕೂರಲು ಜಾಗ ಮಾಡಿದಳು.

"ನಂಗೆ ಅವತ್ತೇ ಗೊತ್ತಾಯ್ತು. ಪಂಚೆ ಅಂಚು ಹಸ್ರು ಕಾಣ್ತಿತ್ತು. ಮಲ್ಲಿ ಹೋಯ್ತು ಅಂತ ಬಚ್ಚಲಲ್ಲಿ ಕೂತು ಅತ್ತು ಮುಗ್ಸಿದೆ. ಕೇಳೋದು ನಿಲ್ಸಿದ್ರೆ ನಿಂಗೆ ಬೇಜಾರಾಗ್ತದೆ ಅಂತ ದಿನಾ ಕೇಳ್ತಿದ್ದೆ ಕಣೋ."

ಅವಳಿಗೆ ನೋವಾಗಬಾರದೆಂದು ನಾನು ದಿನಾ ಪಂಚೆ ಸುತ್ತುತ್ತಿದ್ದೆ. ನನಗೆ ನೋವಾಗಬಾರದೆಂದು ಅವಳು ದಿನಾ ಆ ಪಂಚೆಯನ್ನು ನೋಡುತ್ತಿದ್ದಳು. ಹರಳೆಣ್ಣೆಯಿಂದ ಹಿಡಿದು ಬಸ್ತಿಹಳ್ಳಿಯ ತನಕ ಎಲ್ಲವನ್ನೂ ಒಪ್ಪಿಸಿದೆ. ನನ್ನ ಕಣ್ಣಲ್ಲಿ ನೀರು ಬಂತು. ಸವಿತಾ ಸೆರಗಿನಿಂದ ಮುಖ ಒರೆಸಿಕೊಂಡಳು.

ಅಂಥ ಹೊತ್ತಿನಲ್ಲಿ ಆ ಕಳ್ಳಬೆಕ್ಕು ಗೇಟಿನ ಸಂದಿಯಿಂದ ನುಗ್ಗಿ ನೇರವಾಗಿ ಜಗಲಿಯ ಕಡೆಗೆ ಬಂತು! ದುಃಖ ಏನೇ ಇರಲಿ, ಕರ್ತವ್ಯ ಕರ್ತವ್ಯವೇ. ನಾನು ಕಣ್ಣೊರೆಸಿಕೊಳ್ಳುತ್ತಲೇ ಪೊರಕೆ ಎತ್ತಿಕೊಂಡು ಹಚ್ ಹಚ್ ಎಂದು ನುಗ್ಗಿದೆ. ಆವತ್ತು ಅದು ಓಡಲಿಲ್ಲ. ನನ್ನ ಕಾಲ ಸಂದಿಯಲ್ಲಿ ನುಸುಳಿ, ಜಗಲಿ ಹಾರಿ, ಅಕ್ಕನ ಮಡಿಲಿಗೆ ತಲೆ ಉಜ್ಜಿತು.

ಅಕ್ಕ ಬಗ್ಗಿ ಅದರ ಮುಖ ನೋಡಿದಳು. "ಮಲ್ಲಿ?"

ಬೆಕ್ಕು ತಿರುಗಿ ದನಿ ಕೊಟ್ಟಿತು.

ಅಕ್ಕ ಅದರ ಕತ್ತಿನ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಮೇಲೆಲ್ಲ ಕಂದು. ಬುಡದಲ್ಲಿ ಅಚ್ಚ ಬಿಳಿ ಕೂದಲು ಹೊಸದಾಗಿ ಬರುತ್ತಿತ್ತು. ನಾನು ಪೊರಕೆ ಎತ್ತಿಕೊಂಡು ನಿಂತಲ್ಲೇ ನಿಂತಿದ್ದೆ.

"ನೀನು ದಿನಾ ಓಡಿಸ್ತಿದ್ದ ಕಳ್ಳಬೆಕ್ಕು ಇದೇನಾ?"

"ದಿನಾ ಅಕ್ಕ," ಅಂದೆ. "ಒಂದು ದಿನಾನೂ ತಪ್ಪಿಸಿಲ್ಲ."

ಅಕ್ಕ ನಗಲು ಶುರು ಮಾಡಿದಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಬೆಕ್ಕನ್ನು ಅಪ್ಪಿಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಕ್ಕಳು. ಸವಿತಾ ನಕ್ಕಳು. ಬೇಲಿಯ ಆಚೆ ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ತೋಟದ ಗೌಡರೂ ಏನು ಎತ್ತ ಎಂದು ತಿಳಿಯದೆ ನಕ್ಕರು.

ಆಮೇಲೆ ಸವಿತಾ ಅಕ್ಕನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಗುಡ್ಡೆ ತೋರಿಸಿದಳು. ಅದರಲ್ಲಿ ಅಚ್ಚು ತೆಗೆದ ಹಾಗೆ ಬೆಕ್ಕು ಮಲಗಿದ ಗುಳಿಯಿತ್ತು. ಅಕ್ಕ ಬಗ್ಗಿ ಅದರೊಳಗೆ ಕೈಯಿಟ್ಟಳು. ಹೊರಗೆ ಸುಡುಬಿಸಿಲು.

"ಅಯ್ಯೋ, ಎಷ್ಟು ತಣ್ಣಗೈತೆ. ನಮ್ಮ ಅರೇಹಳ್ಳೀಲೂ ಇಷ್ಟು ತಂಪಿಲ್ಲ ಬಿಡು."

ಆ ಪುಡಿಯನ್ನು ತರಿಸಿದವನು ನಾನೇ ಎಂಬುದನ್ನು ನಾನು ಆ ಸಭೆಯ ಗಮನಕ್ಕೆ ತಂದೆ. ಸುಡು ಬೇಸಿಗೆಯಲ್ಲಿ ಒಪ್ಪಿಸಿ ಹೋದ ಬೆಕ್ಕನ್ನು ಜೀವಂತವಾಗಿ, ತಂಪಾಗಿ, ಮೊದಲಿಗಿಂತ ದಪ್ಪವಾಗಿ ಹಿಂದಿರುಗಿಸಿದ್ದೇನೆ. ಬಣ್ಣ ಒಂದು ಬದಲಾಗಿದೆ, ಅಷ್ಟೇ. ಇದನ್ನು ಗೆಲುವು ಎನ್ನದೆ ಏನನ್ನಬೇಕು? ಬಸ್ತಿಹಳ್ಳಿಯ ಕುಸ್ತಿಪಟುವನ್ನು ಅಜ್ಜಿ ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಅದು ನಮ್ಮಲ್ಲೇ ಉಳಿಯಿತು. ಈಗ ಆ ಗುಳಿ ಅದರದು. ಬಾಲದ ತನಕ ಕಂದಾಗಿದೆ.

ಮಾರನೇ ದಿನ ಅಕ್ಕ ಊರಿಗೆ ಹೊರಟಳು. ಅರಸೀಕೆರೆ ಬಸ್‌ಸ್ಟ್ಯಾಂಡಿಗೆ ನಾನೂ ಸವಿತಾಳೂ ಹೋಗಿದ್ದೆವು. ಬೇಲೂರು ಬಸ್ಸು ಬಂತು. ಅಕ್ಕ ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಮಲ್ಲಿಯನ್ನು ಇಟ್ಟುಕೊಂಡು, ಸವಿತಾಳನ್ನು ಹತ್ತಿರ ಕರೆದಳು.

"ದೀಪಾವಳಿಗೆ ನಾನು ಮತ್ತೆ ಮೈಸೂರಿಗೆ ಹೋಗ್ಬೇಕಾಗ್ತದೆ. ಮಲ್ಲಿನ ನಿಮ್ಮನೇಲೇ ಬಿಡ್ತೀನಿ ಕಣೇ."

ನನ್ನ ಎದೆ ಇಷ್ಟಗಲವಾಯಿತು. ಅಕ್ಕನ ಮಾತು ಅಕ್ಕಪಕ್ಕದವರಿಗೆ ಕೇಳಿಸಿತೋ ಇಲ್ಲವೋ ಎಂದು ಸುತ್ತ ನೋಡಿದೆ. ಬಸ್ಸು ಹೊರಟಿತು. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಉಳಿದ ಮಾತನ್ನು ಮುಗಿಸಿದಳು.

"ಇವನ ಬಟ್ಟೆ ಒಂದು ಬ್ಯಾಗಿಗೆ ಹಾಕಿಟ್ಟಿರು. ಇವನ್ನ ನಾನು ಜೊತೇಲಿ ಕರ್ಕಂಡು ಹೋಗ್ತೀನಿ."

ಬೆಕ್ಕಿನ ಹಿತದೃಷ್ಟಿಯಿಂದ ನಾನು ಒಪ್ಪಿಗೆ ಕೊಟ್ಟಿದ್ದೇನೆ.